ಬೇಸಿಗೆ ರಜೆಯ ಏಳು ವಾರ: ಆಟ, ನೀರು ಮತ್ತು ಗ್ರಾಮ ಪಂಚಾಯಿತಿಯ ಹೊಣೆ

ರಾಜ್ಯದ ಶಾಲೆಗಳಿಗೆ ಸಾಮಾನ್ಯವಾಗಿ ಏಪ್ರಿಲ್ 11ರಿಂದ ಮೇ 28ರವರೆಗೆ ಬೇಸಿಗೆ ರಜೆ ಇರುತ್ತದೆ. ಈ ಏಳು ವಾರಗಳ ಕಾಲ ಮಕ್ಕಳು ಶಾಲೆಯ ಹೊಣೆಯಲ್ಲಿರುವುದಿಲ್ಲ. ಕೂಲಿಗೆ, ತೋಟಕ್ಕೆ, ಇಟ್ಟಿಗೆ ಗೂಡಿಗೆ ಹೋಗುವ ತಂದೆತಾಯಿಯರ ಕಣ್ಣಳತೆಯಲ್ಲಿಯೂ ಇರುವುದಿಲ್ಲ. ಬೆಂಗಳೂರಿನಂತಹ ನಗರಗಳಲ್ಲಿ ಶುಲ್ಕ ಕೊಟ್ಟು ಸೇರುವ ಬೇಸಿಗೆ ಶಿಬಿರಗಳೂ ಈಜುಕೊಳಗಳೂ ಇವೆ. ಸಣ್ಣ ಹಳ್ಳಿಯಲ್ಲಿ ಯಾರ ಮನೆಯ ಮಗು ಎಲ್ಲಿದೆ ಎಂಬುದು ಎಲ್ಲರಿಗೂ ತಿಳಿದಿರುತ್ತದೆ. ಇವೆರಡರ ನಡುವೆ ಇರುವುದು ಹೋಬಳಿ ಕೇಂದ್ರದಂತಹ ಊರು. ಅಲ್ಲಿ ಸಂತೆ, ಬಸ್ ನಿಲ್ದಾಣ, ಪ್ರೌಢಶಾಲೆ, ಬ್ಯಾಂಕ್ ಎಲ್ಲವೂ ಇರುತ್ತವೆ. ಉದ್ಯಾನವನವೂ ಈಜುಕೊಳವೂ ಇರುವುದಿಲ್ಲ. ಹೊರಗಿನಿಂದ ಬಂದು ನೆಲೆಸಿದ ಕುಟುಂಬಗಳು ಹೆಚ್ಚಿರುವುದರಿಂದ ಹಳೆಯ ಕಾಲದ ಪರಸ್ಪರ ಕಾವಲೂ ಸಡಿಲಗೊಂಡಿರುತ್ತದೆ. ಬೇಸಿಗೆಯ ಮನರಂಜನೆ ಮತ್ತು ಸಮುದಾಯ ಜೀವನದ ವಿಷಯದಲ್ಲಿ ಗ್ರಾಮ ಪಂಚಾಯಿತಿಯ ಗಮನ ಅತ್ಯಂತ ಹೆಚ್ಚಾಗಿ ಬೇಕಿರುವುದು ಇಂತಹ ಊರುಗಳಲ್ಲಿಯೇ.

ಇದು ಪಂಚಾಯಿತಿಯ ಕೆಲಸವೇ ಎಂಬ ಪ್ರಶ್ನೆ ಸಭೆಗಳಲ್ಲಿ ಏಳುವುದುಂಟು. ಸಂವಿಧಾನದ 73ನೇ ತಿದ್ದುಪಡಿಯ ಮೂಲಕ ಸೇರ್ಪಡೆಯಾದ ಹನ್ನೊಂದನೇ ಅನುಸೂಚಿಯಲ್ಲಿ 29 ವಿಷಯಗಳಿವೆ. ಅವುಗಳಲ್ಲಿ ಗ್ರಂಥಾಲಯ, ಸಾಂಸ್ಕೃತಿಕ ಚಟುವಟಿಕೆ, ಸಂತೆ ಮತ್ತು ಜಾತ್ರೆ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ, ಸಮುದಾಯ ಆಸ್ತಿಗಳ ನಿರ್ವಹಣೆ ಎಂಬುವು ಸ್ಪಷ್ಟವಾಗಿ ಸೇರಿವೆ. ಕ್ರೀಡೆ ಎಂಬ ಪದ ಆ ಪಟ್ಟಿಯಲ್ಲಿ ಪ್ರತ್ಯೇಕವಾಗಿ ಕಾಣುವುದಿಲ್ಲ ಎಂಬುದು ನಿಜ. ಆದರೆ ಆಟದ ಮೈದಾನ, ಕೆರೆಯ ಏರಿ, ಗುಂಡುತೋಪು, ರಂಗಮಂಟಪ ಇವೆಲ್ಲ ಸಮುದಾಯದ ಆಸ್ತಿಗಳೇ ಆಗಿವೆ. ಭಾರತವು 1992ರಲ್ಲಿ ಒಪ್ಪಿಕೊಂಡ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿಯು ವಿಶ್ರಾಂತಿ, ವಿರಾಮ ಮತ್ತು ಆಟವನ್ನು ಮಗುವಿನ ಹಕ್ಕೆಂದು ಗುರುತಿಸಿದೆ.

ಪಂಚಾಯಿತಿ ಏರ್ಪಾಡು ಮಾಡಲಿ, ಬಿಡಲಿ, ಮಕ್ಕಳು ಆಡುತ್ತಾರೆ. ಎಲ್ಲಿ ಆಡುತ್ತಾರೆ, ಯಾವ ಹೊತ್ತಿನಲ್ಲಿ, ಯಾರ ಕಣ್ಣೆದುರಿಗೆ ಎಂಬುದಷ್ಟೇ ಪಂಚಾಯಿತಿಯ ಕೈಯಲ್ಲಿರುವ ವಿಷಯ. ಈ ಮೂರರಲ್ಲಿ ಎಡವಿದಾಗ ಆಗುವ ನಷ್ಟ ಎಂತಹುದೆಂಬುದು ಪ್ರತಿ ಏಪ್ರಿಲ್ ಮತ್ತು ಮೇ ತಿಂಗಳ ದಿನಪತ್ರಿಕೆಗಳ ಜಿಲ್ಲಾ ಪುಟಗಳನ್ನು ಓದಿದವರಿಗೆ ತಿಳಿದೇ ಇದೆ. ಈಜಲು ಹೋದ ಬಾಲಕರು ನೀರುಪಾಲಾದ ಸುದ್ದಿ ಇಲ್ಲದ ಬೇಸಿಗೆ ಅಪರೂಪ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 3 ಲಕ್ಷ ಜನರು ನೀರಿನಲ್ಲಿ ಮುಳುಗಿ ಮೃತಪಟ್ಟಿದ್ದು, ಇಂತಹ ಸಾವುಗಳಲ್ಲಿ ಶೇ 90ಕ್ಕೂ ಹೆಚ್ಚು ಸಂಭವಿಸುವುದು ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ.

ಹಿಂದೆಯೂ ಮಕ್ಕಳು ಬಾವಿಗೆ ಹಾರುತ್ತಿದ್ದರಲ್ಲವೇ, ಈಗೇನು ಹೊಸದು ಎಂದು ಹಿರಿಯ ಸದಸ್ಯರು ಕೇಳಬಹುದು. ಹೊಸದಾಗಿರುವುದು ನೀರಿನ ಸ್ವರೂಪ. ಎರಡು ತಲೆಮಾರುಗಳ ಹಿಂದೆ ಬಯಲುಸೀಮೆಯ ಬಹುತೇಕ ಊರುಗಳಲ್ಲಿ ಮೆಟ್ಟಿಲುಳ್ಳ ತೆರೆದ ಬಾವಿಗಳಿದ್ದವು. ಅವುಗಳ ಆಳ ಊರಿಗೆಲ್ಲ ಗೊತ್ತಿರುತ್ತಿತ್ತು. ಸೋದರಮಾವನೋ ದೊಡ್ಡಪ್ಪನೋ ಹುಡುಗನ ಬೆನ್ನಿಗೆ ಒಣಗಿದ ಸೋರೆಬುರುಡೆಯನ್ನೋ ಬೆಂಡನ್ನೋ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು, ದಡದಲ್ಲಿ ನಿಂತು ಈಜು ಕಲಿಸುತ್ತಿದ್ದರು. ಕೊಳವೆಬಾವಿಗಳು ಬಂದು ಅಂತರ್ಜಲ ಕೆಳಗಿಳಿದಂತೆ ಆ ಬಾವಿಗಳು ಬತ್ತಿದವು. ಹಲವನ್ನು ಕಸ ತುಂಬಿ ಮುಚ್ಚಲಾಯಿತು. ಬಾವಿಯೊಡನೆ ಕಲಿಸುವವರೂ ಇಲ್ಲವಾದರು. ಇಂದು ನಲವತ್ತರ ವಯಸ್ಸಿನ ಅನೇಕ ತಂದೆಯರಿಗೇ ಈಜು ಬಾರದು.

ಇದೇ ಅವಧಿಯಲ್ಲಿ, ಯಾರೂ ಈಜು ಕಲಿಸದ ಹೊಸ ನೀರುಗಳು ಹುಟ್ಟಿಕೊಂಡವು. ಅವುಗಳಲ್ಲಿ ಮೊದಲನೆಯದು ಕೃಷಿ ಹೊಂಡ. 2014–15ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯಿಂದ ಮಳೆಯಾಶ್ರಿತ ಪ್ರದೇಶದ ರೈತರಿಗೆ ಆದ ಉಪಕಾರ ದೊಡ್ಡದು. ಆದರೆ ಪಾಲಿಥೀನ್ ಹಾಳೆ ಹೊದಿಸಿದ ಹೊಂಡದ ಇಳಿಜಾರು ಒದ್ದೆಯಾದಾಗ ಸೋಪಿನಂತೆ ಜಾರುತ್ತದೆ. ಒಳಗೆ ಬಿದ್ದ ಮಗುವಿಗೆ ಹಿಡಿಯಲು ಬೇರೂ ಇಲ್ಲ, ಊರಲು ಕಲ್ಲೂ ಇಲ್ಲ. ಈಜು ಬಲ್ಲವರೂ ಅಲ್ಲಿಂದ ಮೇಲೇರಲಾರದೆ ಸೋಲುತ್ತಾರೆ. ಹೊಂಡದ ಸುತ್ತ ತಂತಿ ಬೇಲಿ ಇರಬೇಕಾದುದು ಇದಕ್ಕಾಗಿಯೇ. ಬೇಲಿಯ ಜೊತೆಗೆ, ಗಂಟು ಹಾಕಿದ ಒಂದು ದಪ್ಪ ಹಗ್ಗವನ್ನು ದಡದ ಗೂಟಕ್ಕೆ ಕಟ್ಟಿ ನೀರಿನೊಳಕ್ಕೆ ಇಳಿಬಿಟ್ಟರೆ ಹಿಡಿದು ಹತ್ತಲು ಆಸರೆಯಾಗುತ್ತದೆ. ಅದಕ್ಕೆ ತಗಲುವ ವೆಚ್ಚ ಕೆಲವು ನೂರು ರೂಪಾಯಿಗಳನ್ನು ಮೀರುವುದಿಲ್ಲ.

ಎರಡನೆಯದು ಕೆರೆಯೊಳಗಿನ ಗುಂಡಿ. ಬೇಸಿಗೆಯಲ್ಲಿ ಕೆರೆಯ ನೀರು ಕುಗ್ಗಿದಾಗ ಗೋಡು ಮಣ್ಣನ್ನು ಹೊಲಗಳಿಗೂ ಇಟ್ಟಿಗೆ ಗೂಡುಗಳಿಗೂ ಸಾಗಿಸಲಾಗುತ್ತದೆ. ಕೈಗುದ್ದಲಿಯಿಂದ ಅಗೆಯುತ್ತಿದ್ದ ಕಾಲದಲ್ಲಿ ಕೆರೆಯಂಗಳ ಒಂದೇ ಸಮನಾಗಿ ಇಳಿಯುತ್ತಿತ್ತು. ಜೆಸಿಬಿ ಯಂತ್ರವಾದರೋ ನಿಂತಲ್ಲಿಯೇ ಆಳಕ್ಕೆ ತೋಡುತ್ತದೆ. ಹೀಗೆ ಉಳಿದ ಗುಂಡಿಗಳಲ್ಲಿ ನೀರು ನಿಲ್ಲುತ್ತದೆ. ಮೇಲ್ನೋಟಕ್ಕೆ ಎಲ್ಲವೂ ಮೊಣಕಾಲುದ್ದದ ಕೆಸರು ನೀರಿನಂತೆಯೇ ಕಾಣುತ್ತದೆ. ದನ ಮೈತೊಳೆಯಲು ಇಳಿದ ಹುಡುಗನ ಮುಂದಿನ ಹೆಜ್ಜೆ ಎರಡಾಳು ಆಳಕ್ಕೆ ಬೀಳುತ್ತದೆ. ಅವನನ್ನು ಎಳೆಯಲು ಹೋದ ಅಣ್ಣನೂ ಗೆಳೆಯನೂ ಅಲ್ಲಿಯೇ ಸಿಲುಕುತ್ತಾರೆ. ಒಂದೇ ಘಟನೆಯಲ್ಲಿ ಇಬ್ಬರು, ಮೂವರು ಮಕ್ಕಳು ಸಾಯುವುದಕ್ಕೆ ಸಾಮಾನ್ಯ ಕಾರಣ ಇದು. 40 ಹೆಕ್ಟೇರ್‌ಗಿಂತ ಕಡಿಮೆ ಅಚ್ಚುಕಟ್ಟುಳ್ಳ ಕೆರೆಗಳು ಪಂಚಾಯತ್ ರಾಜ್ ಸಂಸ್ಥೆಗಳ ವ್ಯಾಪ್ತಿಗೇ ಸೇರುವುದರಿಂದ, ಹೂಳು ತೆಗೆಯಲು ಅವಕಾಶ ನೀಡುವಾಗ ಅಂಗಳವನ್ನು ಇಳಿಜಾರಾಗಿ ಸಮ ಮಾಡಿಯೇ ಬಿಡಬೇಕೆಂಬ ಷರತ್ತನ್ನು ಸೇರಿಸುವುದೂ, ಅದು ಪಾಲನೆಯಾಯಿತೇ ಎಂದು ಸ್ಥಳಕ್ಕೆ ಹೋಗಿ ನೋಡುವುದೂ ಸ್ಥಳೀಯವಾಗಿಯೇ ಆಗಬೇಕಾದ ಕೆಲಸ. 2022ರ ಏಪ್ರಿಲ್ 24ರಂದು ಆರಂಭವಾದ ಅಮೃತ ಸರೋವರ ಅಭಿಯಾನದಡಿ ರೂಪುಗೊಂಡ ಕೆರೆಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಅಲ್ಲಿ ನಡಿಗೆಯ ಹಾದಿಯೂ ಕಲ್ಲುಬೆಂಚುಗಳೂ ಇರುವಲ್ಲಿ ಸಂಜೆ ಜನ ಸೇರುತ್ತಾರೆ. ಜನ ಸೇರುವ ನೀರಿನ ಬಳಿ ಆಳದ ಸೂಚನೆ ಇರಲೇಬೇಕು.

ಮೂರನೆಯದು ಕೆಲಸ ನಿಲ್ಲಿಸಿದ ಕಲ್ಲು ಕ್ವಾರಿ. ಅದರ ನೀರು ತಿಳಿಯಾಗಿ, ನೀಲಿಯಾಗಿ ಕಾಣುವುದರಿಂದ ಮೊಬೈಲ್‌ನಲ್ಲಿ ಚಿತ್ರ ತೆಗೆದುಕೊಳ್ಳಲು ಯುವಕರು ಹೋಗುತ್ತಾರೆ. ಅಲ್ಲಿ ದಡವೆಂಬುದೇ ಇಲ್ಲ. ಇದಕ್ಕೆ ಬೇಲಿ ಹಾಕಿ ದಾರಿ ಮುಚ್ಚುವುದಲ್ಲದೆ ಬೇರೆ ಉಪಾಯವಿಲ್ಲ; ಗುತ್ತಿಗೆದಾರರ ಹೊಣೆಯ ಬಗ್ಗೆ ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ಪಂಚಾಯಿತಿಯ ನಿರ್ಣಯ ಕಳುಹಿಸುವುದು ಸೂಕ್ತ.

ನೀರಿಗೆ ಇಳಿಯಬೇಡಿ ಎಂಬ ಫಲಕವೊಂದರಿಂದ ಮಕ್ಕಳು ನಿಲ್ಲುವುದಿಲ್ಲ. 40 ಡಿಗ್ರಿ ಬಿಸಿಲಿನಲ್ಲಿ ನೀರು ಕಂಡ ಹುಡುಗ ಇಳಿಯದಿರುವುದೇ ಆಶ್ಚರ್ಯ. ಆದ್ದರಿಂದಲೇ ವಿಶ್ವ ಆರೋಗ್ಯ ಸಂಸ್ಥೆಯು ತಡೆಬೇಲಿಯ ಜೊತೆಗೆ ಇನ್ನೂ ಮೂರು ಕ್ರಮಗಳನ್ನು ಒತ್ತಿ ಹೇಳುತ್ತದೆ: ಪುಟ್ಟ ಮಕ್ಕಳಿಗೆ ನೀರಿನಿಂದ ದೂರದಲ್ಲಿ ಹಗಲಿನ ಆರೈಕೆಯ ತಾಣ, ಶಾಲಾ ವಯಸ್ಸಿನ ಮಕ್ಕಳಿಗೆ ಈಜು ಮತ್ತು ನೀರಿನ ಎಚ್ಚರದ ತರಬೇತಿ, ದಾರಿಹೋಕರಿಗೂ ಪ್ರಾಣರಕ್ಷಣೆಯ ಅರಿವು. ಮೊದಲನೆಯದಕ್ಕೆ ಕೂಸಿನ ಮನೆಗಳೂ ಅಂಗನವಾಡಿಗಳೂ ಇವೆ. ಬೇಸಿಗೆಯಲ್ಲಿ ಅವುಗಳ ಬಾಗಿಲು ತೆರೆದಿದೆಯೇ ಎಂಬುದನ್ನು ವಾರ್ಡ್ ಸದಸ್ಯರು ಖಚಿತಪಡಿಸಿಕೊಳ್ಳಬೇಕು. ಎರಡನೆಯದಕ್ಕೆ ಪ್ರತಿ ಊರಿನಲ್ಲಿಯೂ ಈಜು ಬಲ್ಲ ಇಬ್ಬರು, ಮೂವರು ಹಿರಿಯರು ಇನ್ನೂ ಉಳಿದಿದ್ದಾರೆ. ಎದೆಮಟ್ಟದ ನೀರಿನ, ಹೂಳಿಲ್ಲದ ಒಂದು ಕಲ್ಯಾಣಿಯನ್ನೋ ಬಾವಿಯನ್ನೋ ಆರಿಸಿ, ಬೆಳಿಗ್ಗೆ ಒಂದು ಗಂಟೆ ಅವರ ಕೈಯಿಂದ, ಪೋಷಕರ ಒಪ್ಪಿಗೆಯೊಡನೆ, ಹಗ್ಗ ಮತ್ತು ಟ್ಯೂಬ್ ಇಟ್ಟುಕೊಂಡು ಕಲಿಸಬಹುದು. ಹೆಣ್ಣುಮಕ್ಕಳಿಗೆ ಬೇರೆ ವೇಳೆ ಮತ್ತು ಮಹಿಳೆಯರ ಮೇಲ್ವಿಚಾರಣೆ ಇರಬೇಕು. ಈಜು ಗಂಡುಮಕ್ಕಳ ವಿದ್ಯೆ ಎಂಬ ಭಾವನೆಯಿಂದಾಗಿ, ಬಟ್ಟೆ ಒಗೆಯಲು ನೀರಿನ ಬಳಿಗೆ ಹೋಗುವ ಹುಡುಗಿಯರಿಗೇ ಅದು ತಪ್ಪಿಹೋಗಿದೆ.

ಪ್ರಾಣರಕ್ಷಣೆಯ ವಿಷಯದಲ್ಲಿ ಊರುಗಳಲ್ಲಿ ಉಳಿದಿರುವ ಒಂದು ರೂಢಿಯನ್ನು ಇಲ್ಲಿ ಹೇಳಲೇಬೇಕು. ನೀರಿನಿಂದ ಮೇಲೆತ್ತಿದವರನ್ನು ತಲೆಯ ಮೇಲೆ ಹೊತ್ತು ತಿರುಗಿಸುವುದು, ಹೊಟ್ಟೆ ಒತ್ತಿ ನೀರು ಕಕ್ಕಿಸುವುದು ಇವೆರಡರಿಂದಲೂ ಅಮೂಲ್ಯವಾದ ನಿಮಿಷಗಳು ಹಾಳಾಗುತ್ತವೆ. ಉಸಿರು ನಿಂತಿದ್ದರೆ ಅಂಗಾತ ಮಲಗಿಸಿ, ಮೂಗು ಮುಚ್ಚಿ ಬಾಯಿಯ ಮೂಲಕ ಉಸಿರು ಊದುವುದು ಮತ್ತು ಎದೆಯ ಮಧ್ಯಭಾಗವನ್ನು ಲಯಬದ್ಧವಾಗಿ ಒತ್ತುವುದು ತಕ್ಷಣ ಆರಂಭವಾಗಬೇಕು. ಅದೇ ಹೊತ್ತಿಗೆ ಇನ್ನೊಬ್ಬರು 108 ಅಥವಾ 112ಕ್ಕೆ ಕರೆ ಮಾಡಬೇಕು. ಈಜು ಬಾರದವರು ನೀರಿಗೆ ಹಾರದೆ ಹಗ್ಗ, ಬಿದಿರು, ಸೀರೆ, ಪಂಚೆ ಅಥವಾ ಮುಚ್ಚಳ ಬಿಗಿದ ಖಾಲಿ ಕ್ಯಾನನ್ನು ಎಸೆಯಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕೋರಿದರೆ ಅರ್ಧ ದಿನದಲ್ಲಿ ಇದನ್ನು ಗೊಂಬೆಯ ಮೇಲೆ ಮಾಡಿ ತೋರಿಸಬಹುದು. ನೀರಗಂಟಿಗಳು, ದನಗಾಹಿಗಳು, ಯುವಕ ಸಂಘದವರು ಮತ್ತು ಸ್ವಸಹಾಯ ಸಂಘದ ಮಹಿಳೆಯರು ಮೊದಲು ಕಲಿಯಬೇಕಾದವರು. ಘಟನೆ ನಡೆದ ಸ್ಥಳಕ್ಕೆ ಮೊದಲು ತಲುಪುವವರೂ ಅವರೇ.

ನೀರಿನ ಸೆಳೆತ ಅತಿ ಹೆಚ್ಚಾಗಿರುವುದು ಮಧ್ಯಾಹ್ನದ ಹೊತ್ತಿನಲ್ಲಿ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಹಾಗೂ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳ ವೇಳೆಯನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವ ಪದ್ಧತಿಯಿದೆ. ದೊಡ್ಡವರ ಕೆಲಸಕ್ಕೆ ತೋರಿಸುವ ಈ ವಿವೇಚನೆ ಮಕ್ಕಳ ಆಟಕ್ಕೂ ಬೇಕು. ಹನ್ನೊಂದರಿಂದ ನಾಲ್ಕರವರೆಗೆ ನೆರಳು, ಕುಡಿಯುವ ನೀರು ಮತ್ತು ಕೂರಲು ಜಾಗ ಇರುವ ತಾಣವೊಂದು ಊರಿನಲ್ಲಿ ತೆರೆದಿರಬೇಕು. ಅದಕ್ಕೆ ಅರಿವು ಕೇಂದ್ರಕ್ಕಿಂತ ಯೋಗ್ಯವಾದುದು ಬೇರಿಲ್ಲ. ಚದುರಂಗ, ಕೇರಂ, ಚೌಕಾಬಾರ, ಅಳಗುಳಿಮಣೆ, ಚಿತ್ರ ಬಿಡಿಸುವ ಹಾಳೆಗಳು, ಗಟ್ಟಿಯಾಗಿ ಕಥೆ ಓದುವ ಒಬ್ಬರು ನಿವೃತ್ತ ಶಿಕ್ಷಕರು ಇಷ್ಟಿದ್ದರೆ ಮಧ್ಯಾಹ್ನ ಕಳೆಯುತ್ತದೆ. ಕೇಂದ್ರದ ವೇಳಾಪಟ್ಟಿಯಲ್ಲಿ ಮಧ್ಯಾಹ್ನ ಬಿಡುವಿದ್ದರೆ ಈ ಎರಡು ತಿಂಗಳ ಮಟ್ಟಿಗೆ ಬದಲಾವಣೆಯ ಬಗ್ಗೆ ಮೇಲ್ವಿಚಾರಕರೊಡನೆ ಚರ್ಚಿಸಬೇಕು. 2024ರ ಬರಗಾಲದಲ್ಲಿ ಬರಪೀಡಿತ ತಾಲೂಕುಗಳ ಶಾಲೆಗಳಲ್ಲಿ ರಜೆಯಲ್ಲಿಯೂ ಬಿಸಿಯೂಟ ನೀಡಲಾಯಿತು. ಅಂತಹ ವರ್ಷಗಳಲ್ಲಿ ಊಟಕ್ಕೆ ಬಂದ ಮಕ್ಕಳನ್ನು ಬಿಸಿಲಿಗೆ ಕಳುಹಿಸುವ ಬದಲು ಅದೇ ಶಾಲೆಯ ಜಗುಲಿಯಲ್ಲಿ ಉಳಿಸಿಕೊಳ್ಳುವುದು ಸುಲಭ.

ಸಂಜೆಯ ಮೈದಾನದ ಸಮಸ್ಯೆ ಬೇರೆ. ಇರುವ ಒಂದೇ ಮೈದಾನವನ್ನು ದೊಡ್ಡ ಹುಡುಗರ ಕ್ರಿಕೆಟ್ ಪಂದ್ಯಾವಳಿ ಇಡೀ ತಿಂಗಳು ಆವರಿಸುತ್ತದೆ. ಕಿರಿಯರು ರಸ್ತೆಗೆ ಸರಿಯುತ್ತಾರೆ, ಹುಡುಗಿಯರು ಮನೆಯಿಂದ ಹೊರಡುವುದೇ ಇಲ್ಲ. ವಾರದಲ್ಲಿ ಮೂರು ಸಂಜೆ ಐದರಿಂದ ಆರೂವರೆಯವರೆಗೆ ಮೈದಾನ ಹುಡುಗಿಯರ ಕೊಕ್ಕೊ, ಕಬಡ್ಡಿ, ಥ್ರೋಬಾಲ್ ಆಟಕ್ಕೆ ಮೀಸಲು ಎಂಬ ನಿರ್ಣಯಕ್ಕೆ ಹಣವೇ ಬೇಕಿಲ್ಲ. ಬೇಕಿರುವುದು ಬೆಳಗುವ ಒಂದು ದೀಪ, ಬೀಗ ಹಾಕದ ಒಂದು ಶೌಚಾಲಯ ಮತ್ತು ಅಲ್ಲಿ ಬಂದು ಕುಳಿತುಕೊಳ್ಳುವ ಇಬ್ಬರು ಮಹಿಳಾ ಸದಸ್ಯರು. ಮೈದಾನದ ಹದ್ದುಬಸ್ತು ಆಗದಿದ್ದರೆ ಅದನ್ನು ಇದೇ ಬೇಸಿಗೆಯಲ್ಲಿ ಮಾಡಿಸುವುದು ಒಳ್ಳೆಯದು. ಬಳಕೆಯಲ್ಲಿಲ್ಲದ ಮೈದಾನವೇ ಮೊದಲು ಒತ್ತುವರಿಯಾಗುತ್ತದೆ.

ಹಿರಿಯರ ಮನರಂಜನೆಗೆ ಪಂಚಾಯಿತಿ ಹೆಚ್ಚು ಮಾಡಬೇಕಾದುದಿಲ್ಲ. ಊರು ತಾನೇ ಮಾಡಿಕೊಳ್ಳುತ್ತದೆ. ಹಳೇ ಮೈಸೂರು ಭಾಗದಲ್ಲಿ ಹಾರ್ಮೋನಿಯಂ ಮಾಸ್ತರರನ್ನು ಕರೆಸಿ ಪೌರಾಣಿಕ ನಾಟಕ ಕಲಿಯುವ, ಉತ್ತರ ಕರ್ನಾಟಕದಲ್ಲಿ ಸಣ್ಣಾಟ, ದೊಡ್ಡಾಟ ಆಡಿಸುವ ಉತ್ಸಾಹ ಇನ್ನೂ ಆರಿಲ್ಲ. ಕರಾವಳಿಯಲ್ಲಿ ಮೇ ತಿಂಗಳ ಕೊನೆಯ ವಾರದ ಹೊತ್ತಿಗೆ ಬರುವ ಪತ್ತನಾಜೆಯವರೆಗೆ ಯಕ್ಷಗಾನ ಮೇಳಗಳ ತಿರುಗಾಟ ನಡೆಯುತ್ತದೆ. ಪಂಚಾಯಿತಿಯ ಪಾತ್ರವಿರುವುದು ರಂಗಮಂಟಪದ ವಿದ್ಯುತ್ ತಂತಿಗಳ ಸುರಕ್ಷತೆಯಲ್ಲಿ, ಜಾತ್ರೆಯ ಕುಡಿಯುವ ನೀರಿನಲ್ಲಿ ಮತ್ತು ಎಲ್ಲ ಕೇರಿಗಳ ಜನರಿಗೂ ಸಮಾನ ಪ್ರವೇಶ ಸಿಗುವಂತೆ ನೋಡಿಕೊಳ್ಳುವುದರಲ್ಲಿ. ರಾಮನವಮಿಯ ಅರವಟ್ಟಿಗೆಯನ್ನು ಒಂದೇ ದಿನಕ್ಕೆ ನಿಲ್ಲಿಸದೆ ಮೇ ಕೊನೆಯವರೆಗೆ ಮುಂದುವರಿಸಲು ಊರಿನ ದಾನಿಗಳನ್ನು ಕೇಳಿಕೊಂಡರೆ ಇಲ್ಲವೆನ್ನುವವರು ಕಡಿಮೆ.

ಇವೆಲ್ಲವೂ ಸಾಧ್ಯವಾಗಬೇಕಾದರೆ ವಿಷಯ ಮಾರ್ಚ್ ತಿಂಗಳ ಸಾಮಾನ್ಯ ಸಭೆಯ ಕಾರ್ಯಸೂಚಿಗೆ ಬರಬೇಕು. ಏಪ್ರಿಲ್‌ನಲ್ಲಿ ಚರ್ಚಿಸಿದರೆ ರಜೆಯ ಅರ್ಧ ಮುಗಿದಿರುತ್ತದೆ. ಸಭೆಗೆ ಮುನ್ನ ಪಂಚಾಯಿತಿಯ ಸಂಬಂಧಪಟ್ಟ ಸಮಿತಿಯು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಮತ್ತು ನೀರಗಂಟಿಯೊಡನೆ ಒಂದು ದಿನ ಸುತ್ತಾಡಿ, ವ್ಯಾಪ್ತಿಯಲ್ಲಿರುವ ಕೆರೆ, ಕಟ್ಟೆ, ಕೃಷಿ ಹೊಂಡ, ಕ್ವಾರಿ, ತೆರೆದ ಬಾವಿಗಳ ಪಟ್ಟಿ ಮಾಡಬೇಕು. ಜೊತೆಗೆ ಹತ್ತು ಹನ್ನೆರಡು ಮಕ್ಕಳನ್ನು ಕೂರಿಸಿಕೊಂಡು ಅವರು ಎಲ್ಲಿ ಈಜಲು ಹೋಗುತ್ತಾರೆಂದು ಕೇಳಿದರೆ, ಅಧಿಕಾರಿಗಳ ಪಟ್ಟಿಯಲ್ಲಿಲ್ಲದ ಎರಡು ಮೂರು ಸ್ಥಳಗಳು ಖಂಡಿತ ಹೊರಬರುತ್ತವೆ. ಮಕ್ಕಳ ಗ್ರಾಮ ಸಭೆಯ ನಡಾವಳಿಯಲ್ಲಿ ಇಂತಹ ಮಾಹಿತಿ ಈಗಾಗಲೇ ದಾಖಲಾಗಿರಲೂಬಹುದು. ಅದನ್ನು ತೆರೆದು ಓದಬೇಕಷ್ಟೆ.

ಹಗ್ಗ, ಟ್ಯೂಬ್ ಮತ್ತು ಬಿದಿರುಗಳನ್ನು ಮೇ 29ರಂದು ಶಾಲೆ ತೆರೆದ ಕೂಡಲೇ ಕಚೇರಿಯ ಕೊಠಡಿಗೆ ಸಾಗಿಸಬಾರದು. ಮುಂಗಾರಿನ ಮೊದಲ ದೊಡ್ಡ ಮಳೆಗೆ ಹೂಳು ತೆಗೆದ ಗುಂಡಿಗಳೂ ಕೃಷಿ ಹೊಂಡಗಳೂ ತುಂಬಿಕೊಳ್ಳುತ್ತವೆ. ಹಿಂದಿನ ವಾರ ಒಣ ನೆಲವಾಗಿದ್ದ ಹಾದಿಯಲ್ಲಿಯೇ ಮಕ್ಕಳು ಶಾಲೆಗೆ ನಡೆಯುತ್ತಾರೆ. ಆ ಹಾದಿಗಳನ್ನು ಜೂನ್ ಮೊದಲ ವಾರದಲ್ಲಿ ಇನ್ನೊಮ್ಮೆ ನೋಡಿ, ದಡದ ಗೂಟಗಳು ಗಟ್ಟಿಯಾಗಿವೆಯೇ ಎಂದು ನೀರಗಂಟಿಯಿಂದ ವರದಿ ಪಡೆಯಬೇಕು.