ಡಕಾರ್‌ನಿಂದ ಮಂಜೇಶ್ವರಕ್ಕೆ

ಮಂಜೇಶ್ವರದಲ್ಲಿ ಗೋವಿಂದ ಪೈಗಳ ಸ್ಮಾರಕವಾಗಿರುವ ಗಿಳಿವಿಂಡಿಗೆ ಹೋದಾಗಲೆಲ್ಲ ನನ್ನನ್ನು ಒಂದೇ ಯೋಚನೆ ಕಾಡುತ್ತದೆ. ಇಲ್ಲಿ ಕೂತು ಬರೆದ ಮನುಷ್ಯನಿಗೆ ಪ್ರತಿ ವಾರ ಎದುರು ಕೂತು ತಕರಾರು ತೆಗೆಯುವ ನಾಲ್ಕು ಜನ ಸಿಕ್ಕಿದ್ದರೆ ಏನಾಗುತ್ತಿತ್ತು? ರಾಷ್ಟ್ರಕವಿ ಗೋವಿಂದ ಪೈಗಳು (1883–1963) ಯಾವ ವಿಶ್ವವಿದ್ಯಾಲಯದ ಪೀಠದ ಆಸರೆಯೂ ಇಲ್ಲದೆ, ಪುಸ್ತಕಗಳ ನಡುವೆ ಹೆಚ್ಚುಕಡಿಮೆ ಒಬ್ಬರೇ ದುಡಿದವರು.

ಅವರು ಕೈಹಚ್ಚಿದ ಒಂದು ಒಗಟನ್ನೇ ನೋಡಿ. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ಮರಳಿನಡಿಯಿಂದ ಎದ್ದುಬಂದ ಪಪೈರಸ್ ಹಾಳೆಯಲ್ಲಿ ಒಂದು ಗ್ರೀಕ್ ಪ್ರಹಸನವಿದೆ. ಚಾರಿಷನ್ ಎಂಬ ಗ್ರೀಕ್ ಹುಡುಗಿ ಭಾರತದ ಕರಾವಳಿಯ ಅರಸನೊಬ್ಬನ ಸೆರೆಯಲ್ಲಿದ್ದಾಳೆ. ಅವಳ ಒಡಹುಟ್ಟಿದವನೂ ಜೊತೆಗಿದ್ದ ವಿದೂಷಕನೂ ಸೇರಿ ಅರಸನಿಗೂ ಪರಿವಾರಕ್ಕೂ ಮದ್ಯ ಕುಡಿಸಿ, ಅವರು ಮೈಮರೆತಾಗ ಹುಡುಗಿಯನ್ನು ಹಡಗು ಹತ್ತಿಸುತ್ತಾರೆ. ಅರಸನ ಕಡೆಯವರ ಬಾಯಿಯಲ್ಲಿರುವ ಮಾತು ಗ್ರೀಕ್ ಅಲ್ಲ. ಅದು ಕನ್ನಡವಿರಬಹುದೆಂದು 1904ರಲ್ಲಿ ಹೇಳಿದ್ದು ಜರ್ಮನ್ ವಿದ್ವಾಂಸ ಹುಲ್ಟ್ಶ್. ಆರ್. ಶಾಮಶಾಸ್ತ್ರಿಗಳು ಆ ಜಾಡು ಹಿಡಿದರು, ಪೈಗಳು ಹಿಡಿದರು. ಅಲ್ಲ, ಅದು ತುಳು ಎಂದವರೂ ಆಮೇಲೆ ಬಂದರು. ಎಲ್ಲರೂ ಒಪ್ಪುವ ಉತ್ತರ ಇವತ್ತಿಗೂ ಸಿಕ್ಕಿಲ್ಲ. ಗ್ರೀಕ್ ಬಲ್ಲವರು ಒಂದು ಕಡೆ, ಹಳಗನ್ನಡ ಬಲ್ಲವರು ಇನ್ನೊಂದು ಕಡೆ, ತುಳು ಮನೆಮಾತಿನವರು ಮತ್ತೊಂದು ಕಡೆ ಇದ್ದರೆ ಸಿಗುವುದಾದರೂ ಹೇಗೆ? ಇವರೆಲ್ಲ ಒಂದೇ ಮೇಜಿನ ಸುತ್ತ ಕೂತು, ವಾರಕ್ಕೆ ಹತ್ತು ಸಾಲಿನಂತೆ ಓದಬೇಕಾದ ಪಠ್ಯ ಅದು.

ಅಂಥ ಮೇಜು ನಮ್ಮ ಕರಾವಳಿಯ ಕೆಲವರಿಗೆ ಸಿಕ್ಕಿತ್ತು. ಸಿಕ್ಕಿದ್ದು ದೂರದಲ್ಲಿ, ಫ್ರೆಂಚರು ಕಟ್ಟಿದ ಕೇಂದ್ರಗಳಲ್ಲಿ. ಪುದುಚೇರಿಯ ಫ್ರೆಂಚ್ ಸಂಸ್ಥೆ 1955ರಲ್ಲಿ ಶುರುವಾದದ್ದು. ಅದರ ಸ್ಥಾಪಕ ನಿರ್ದೇಶಕ ಜ್ಯಾಂ ಫಿಲಿಯೋಜಾ ಅವರಿಗೆ ಹೆಗಲೆಣೆಯಾಗಿ ನಿಂತು ಶೈವಾಗಮಗಳ ತಾಳೆಗರಿ ಕಟ್ಟುಗಳನ್ನು ಕೂಡಿಹಾಕಿದವರು, ಆಗಮಗಳನ್ನು ಒಂದೊಂದಾಗಿ ಸಂಪಾದಿಸಿ ಕೊಟ್ಟವರು ಎನ್. ಆರ್. ಭಟ್ಟರು. ಆ 'ಎನ್' ಎಂದರೆ ದಕ್ಷಿಣ ಕನ್ನಡದ ನಿಡ್ಡೋಡಿ. ಆ ಸಂಗ್ರಹ 2005ರಲ್ಲಿ ಯುನೆಸ್ಕೋದ ವಿಶ್ವಸ್ಮೃತಿ ಪಟ್ಟಿಗೆ ಸೇರಿತು. ನಿಡ್ಡೋಡಿಯ ಹೆಸರು ಅದರ ಬುಡದಲ್ಲಿದೆ ಎಂಬುದು ಇಲ್ಲಿ ಎಷ್ಟು ಜನರಿಗೆ ಗೊತ್ತು!

ಇನ್ನೊಂದು ಕಥೆ ಇನ್ನೂ ದೂರದ್ದು. ಪಶ್ಚಿಮ ಆಫ್ರಿಕಾದ ಸೆನೆಗಲ್‌ನ ರಾಜಧಾನಿ ಡಕಾರ್‌ನಲ್ಲಿ ಫ್ರೆಂಚರು 1930ರ ದಶಕದಲ್ಲಿ 'ಐಫಾನ್' ಎಂಬ ಸಂಶೋಧನಾ ಸಂಸ್ಥೆ ಕಟ್ಟಿದ್ದರು. ಸೆನೆಗಲ್ 1960ರಲ್ಲಿ ಸ್ವತಂತ್ರವಾಯಿತು. 1966ರಲ್ಲಿ ಸಂಸ್ಥೆಯ ಹೆಸರಿನಿಂದ 'ಫ್ರೆಂಚ್' ಹೋಗಿ 'ಮೂಲಭೂತ' ಬಂತು. ಫ್ರೆಂಚಿನಲ್ಲಿ ಎರಡಕ್ಕೂ ಮೊದಲಕ್ಷರ ಒಂದೇ, ಹಾಗಾಗಿ ಐಫಾನ್ ಐಫಾನ್ ಆಗಿಯೇ ಉಳಿಯಿತು. ದೇಶದ ಆಗಿನ ಅಧ್ಯಕ್ಷ ಸೆಂಘೋರ್ ಸ್ವತಃ ಕವಿ. ಆಫ್ರಿಕನ್ನರಿಗೂ ದ್ರಾವಿಡರಿಗೂ ಹಳೆಯ ನಂಟಿದೆ ಎಂದು ಬಲವಾಗಿ ನಂಬಿದ್ದವರು. 1970ರ ದಶಕದಲ್ಲಿ ಡಕಾರ್‌ಗೆ ಹೋದ ದ್ರಾವಿಡ ಭಾಷಾವಿದ್ವಾಂಸರಲ್ಲಿ ಯು. ಪಿ. ಉಪಾಧ್ಯಾಯ ಮತ್ತು ಸುಶೀಲಾ ಉಪಾಧ್ಯಾಯ ದಂಪತಿಯೂ ಇದ್ದರು. 1976ರಲ್ಲಿ ಐಫಾನ್‌ನ ಪತ್ರಿಕೆಯಲ್ಲಿ ಅವರ ಫ್ರೆಂಚ್ ಪ್ರಬಂಧ ಬಂತು, 1983ರಲ್ಲಿ ಉಡುಪಿಯಿಂದ ಅದೇ ವಿಷಯದ ಪುಸ್ತಕ. ಈ ನಂಟಿನ ವಾದವನ್ನು ಹೆಚ್ಚಿನ ಭಾಷಾವಿಜ್ಞಾನಿಗಳು ಒಪ್ಪಿಲ್ಲ, ನನಗೂ ಅದು ಮನವರಿಕೆಯಾಗುವುದಿಲ್ಲ. ಆದರೆ ಆ ವರ್ಷಗಳು ವ್ಯರ್ಥವಾದವು ಎಂದು ಹೇಳಲು ನನಗೆ ಬಾಯಿ ಬಾರದು.

ಯಾಕೆಂದರೆ ಆ ದಂಪತಿ ಊರಿಗೆ ಬಂದು ಮಾಡಿದ ಕೆಲಸ ನಮ್ಮ ಕಪಾಟಿನಲ್ಲಿದೆ. ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿ ಗೋವಿಂದ ಪೈಗಳ ಪುಸ್ತಕಗಳಿಗೆ ಮನೆಯಾದ, ಅವರದೇ ಹೆಸರಿನ ಸಂಶೋಧನ ಕೇಂದ್ರದಲ್ಲಿ 1979ರಲ್ಲಿ ತುಳು ನಿಘಂಟಿನ ಯೋಜನೆ ಶುರುವಾಯಿತು. ಯು. ಪಿ. ಉಪಾಧ್ಯಾಯರು ಪ್ರಧಾನ ಸಂಪಾದಕರು. 1988ರಿಂದ 1997ರೊಳಗೆ ಆರು ಸಂಪುಟ ಹೊರಬಂದವು. ತುಳುವಿನಲ್ಲಿ ತಲೆಗೆ ಒಬ್ಬರು 'ತರೆ' ಎಂದರೆ ಪಕ್ಕದ ಓಣಿಯವರು 'ಸರೆ' ಎನ್ನುತ್ತಾರೆ, ಮತ್ತೊಂದು ಕಡೆ ಅದೇ 'ಹರೆ'. ಯಾವುದು ಶುದ್ಧ ಎಂಬ ಜಗಳಕ್ಕೆ ಹೋಗದೆ ಮೂರನ್ನೂ ಕಿವಿಗೊಟ್ಟು ಕೇಳಿ ಬರೆದುಕೊಳ್ಳುವ ಶಿಸ್ತು ಒಂದು ದಿನದಲ್ಲಿ ಬರುವಂಥದ್ದಲ್ಲ.

ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ವಿಚಾರ ಸಂಕಿರಣಕ್ಕೆ ಬರವಿಲ್ಲ, ಬರವಿರುವುದು ಅಂಥ ನಿಧಾನದ ಕೆಲಸಕ್ಕೆ. ಬೆಳಿಗ್ಗೆ ದೀಪ, ಸ್ವಾಗತ, ಆಶಯ ಭಾಷಣ. ಹನ್ನೆರಡರ ಮೇಲೆ ಪ್ರಬಂಧಗಳು, ಒಬ್ಬೊಬ್ಬರಿಗೆ ಹದಿನೈದು ನಿಮಿಷ. ಊಟ, ಪ್ರಮಾಣಪತ್ರ. ಒಮ್ಮೆ ತುಳು ತಾಳೆಗರಿಯ ಬಗ್ಗೆ ಮಾತಾಡುತ್ತಿದ್ದ ಹಿರಿಯರೊಬ್ಬರು ಓಲೆಯನ್ನು ಬಟ್ಟೆಯಿಂದ ಬಿಚ್ಚುತ್ತಿದ್ದಂತೆ ಸಮಯ ಮುಗಿದ ಚೀಟಿ ಬಂತು. ಅವರು ಓಲೆಯನ್ನು ಹಾಗೆಯೇ ಮತ್ತೆ ಸುತ್ತಿದರು. ಆ ಗರಿಯಲ್ಲಿ ಏನಿತ್ತೆಂದು ಸಭೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಪುಂಡೂರಿನ ವೆಂಕಟರಾಜ ಪುಣಿಂಚತ್ತಾಯರು ಇಂಥ ಗರಿಗಳಿಂದಲೇ ತುಳು ಭಾಗವತವನ್ನು ಬೆಳಕಿಗೆ ತಂದದ್ದು ಇದೇ ಜಿಲ್ಲೆಯಲ್ಲಿ.

ಒಂದೇ ಪಠ್ಯದ ಓದನ್ನು ತಿಂಗಳುಗಟ್ಟಲೆ ಕೂತು ಕೇಳುವವರು ಯಾರು ಎನ್ನುವವರಿಗೆ ನಾನು ಆಷಾಢದ ತಾಳಮದ್ದಳೆ ತೋರಿಸುತ್ತೇನೆ. ಹೊರಗೆ ಜಡಿಮಳೆ, ಒಳಗೆ ಚಾಪೆ, ಭಾಗವತರ ಒಂದು ಪದ. ಆ ಪದಕ್ಕೆ ಅರ್ಥಧಾರಿ ಅರ್ಧ ಗಂಟೆ ಮಾತಾಡುತ್ತಾರೆ, ಎದುರಾಳಿ ಅದರಲ್ಲೇ ಬಿರುಕು ಹುಡುಕುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ರಾಮನಿಗೆ ಹಾಕುತ್ತಿದ್ದ ಪ್ರಶ್ನೆಗಳನ್ನು ಕೇಳಲು ಮೈಲುಗಟ್ಟಲೆ ನಡೆದು ಬರುತ್ತಿದ್ದವರು ಕೃಷಿಕರು, ಬೀಡಿ ಕಟ್ಟುವವರು, ಶಾಲಾ ಮಾಸ್ತರರು. ಒಂದು ಪಠ್ಯವನ್ನು ಹಿಡಿದು ಬಿಡದೆ ಜಗ್ಗುವ ಕಲೆಯನ್ನು ಇವರಿಗೆ ಪ್ಯಾರಿಸ್ಸಿನವರು ಬಂದು ಕಲಿಸಬೇಕಾಗಿಲ್ಲ.

ಬೇಕಾದದ್ದು ಒಂದು ಕೋಣೆ, ವಾರದ ಒಂದು ಸಂಜೆ, ಜೂನ್‌ನಿಂದ ಅಕ್ಟೋಬರ್‌ವರೆಗೆ ತಪ್ಪದೆ. ಗಿಳಿವಿಂಡಿನಲ್ಲಿ ಕೋಣೆಯಿದೆ. ಮೊದಲ ಸಂಜೆಗೆ ಆ ಗ್ರೀಕ್ ಪ್ರಹಸನವನ್ನೇ ಎತ್ತಿಕೊಳ್ಳೋಣ. ಕುಡಿದ ಅರಸನ ಮಾತನ್ನು ಒಬ್ಬರು ನಿಧಾನವಾಗಿ ಗಟ್ಟಿಯಾಗಿ ಓದಲಿ. ಸುತ್ತ ಕೂತವರಲ್ಲಿ ತುಳುವಿನವರು, ಬ್ಯಾರಿಯವರು, ಕೊಂಕಣಿಯವರು, ಮಲಯಾಳದವರು ಇರಲಿ. ಯಾರಾದರೂ ಒಬ್ಬರು ತಲೆಯೆತ್ತಿ, "ನಿಲ್ಲಿ, ಆ ಶಬ್ದ ಇನ್ನೊಮ್ಮೆ ಹೇಳಿ" ಎನ್ನಬಹುದು.