ಎಳೆಯರಿಗೇಕೆ ಹೊನ್ನಶೂಲ?

2009ರ ಜನವರಿಯಲ್ಲಿ ಹದಿನಾರರ ಹರೆಯದ ಯೂಕಿ ಭಾಂಬ್ರಿ ಆಸ್ಟ್ರೇಲಿಯಾ ಓಪನ್ ಟೂರ್ನಿಯ ಬಾಲಕರ ಸಿಂಗಲ್ಸ್ ಪ್ರಶಸ್ತಿ ಗೆದ್ದಾಗ ಭಾರತೀಯ ಟೆನಿಸ್‌ಗೆ ಉತ್ತರಾಧಿಕಾರಿ ದೊರೆತನೆಂದು ಸಂಭ್ರಮಿಸದವರಿಲ್ಲ. ಸಂಭ್ರಮಕ್ಕೆ ಕಾರಣವೂ ಇತ್ತು. ಕಿರಿಯರ ಗ್ರ್ಯಾಂಡ್ ಸ್ಲಾಮ್ ಸಿಂಗಲ್ಸ್ ಗೆದ್ದ ಭಾರತೀಯರು ಅದುವರೆಗೆ ಮೂವರೇ: 1954ರಲ್ಲಿ ವಿಂಬಲ್ಡನ್ ಗೆದ್ದ ರಾಮನಾಥನ್ ಕೃಷ್ಣನ್, 1979ರಲ್ಲಿ ಫ್ರೆಂಚ್ ಹಾಗೂ ವಿಂಬಲ್ಡನ್ ಎರಡನ್ನೂ ಗೆದ್ದ ಅವರ ಮಗ ರಮೇಶ್ ಕೃಷ್ಣನ್, 1990ರಲ್ಲಿ ವಿಂಬಲ್ಡನ್ ಮತ್ತು ಮರುವರ್ಷ ಅಮೆರಿಕ ಓಪನ್ ಗೆದ್ದ ಲಿಯಾಂಡರ್ ಪೇಸ್. ಯೂಕಿ ನಾಲ್ಕನೆಯವರು. ಐದನೆಯ ಹೆಸರು ಈವರೆಗೂ ಸೇರಿಲ್ಲ.

ಆ ನಂತರ ನಡೆದದ್ದೇನು? ಮೊಣಕೈ ನೋವು, ಮೊಣಕಾಲಿನ ನೋವು, ತಿಂಗಳುಗಟ್ಟಲೆ ವಿಶ್ರಾಂತಿ, ಮತ್ತೆ ಮೊದಲಿನಿಂದ ಆರಂಭ. 2018ರಲ್ಲಿ ಅವರು ಸಿಂಗಲ್ಸ್‌ನಲ್ಲಿ ಜಗತ್ತಿನ 83ನೇ ಸ್ಥಾನ ತಲುಪಿದರು. ಅದಕ್ಕಿಂತ ಮೇಲೇರಲಿಲ್ಲ. ಬಳಿಕ ಡಬಲ್ಸ್‌ಗೆ ಹೊರಳಿ 2025ರಲ್ಲಿ ನ್ಯೂಜಿಲೆಂಡ್‌ನ ಮೈಕೆಲ್ ವೀನಸ್ ಜೊತೆಗೂಡಿ ಅಮೆರಿಕ ಓಪನ್ ಸೆಮಿಫೈನಲ್ ತಲುಪಿದರು. ಇಷ್ಟಾದರೂ ಯೂಕಿಯ ಹೆಸರೆತ್ತಿದರೆ ಕ್ರೀಡಾಸಕ್ತರ ಬಾಯಲ್ಲಿ ಬರುವ ಮಾತು ಒಂದೇ, ‘ಪಾಪ, ನಿರೀಕ್ಷೆ ಹುಸಿಯಾಯಿತು’. ನೂರ ನಲವತ್ತು ಕೋಟಿ ಜನರ ದೇಶದಲ್ಲಿ ಬೆರಳೆಣಿಕೆಯ ಮಂದಿ ಮಾತ್ರ ಮುಟ್ಟಿದ ಎತ್ತರವನ್ನು ಮುಟ್ಟಿದವನನ್ನು ನಾವು ಸೋತವರ ಸಾಲಿನಲ್ಲಿ ನಿಲ್ಲಿಸುತ್ತೇವೆ. ಹದಿನಾರರಲ್ಲಿ ಅವನಿಗೆ ನಾವೇ ತೊಡಿಸಿದ ಕಿರೀಟದ ಅಳತೆ ದೊಡ್ಡದಾಗಿತ್ತು ಎಂಬುದನ್ನು ಮಾತ್ರ ಮರೆಯುತ್ತೇವೆ.

ಎಳವೆಯಲ್ಲಿ ಗೆದ್ದ ಟೆನಿಸ್ ಆಟಗಾರರನ್ನು ಅಳತೆ ಮೀರಿ ಹೊಗಳಲಾಗುತ್ತಿದೆಯೇ ಎಂಬ ಪ್ರಶ್ನೆಗೆ ‘ಹೌದು’ ಎಂದು ಉತ್ತರಿಸಿ ಮುಗಿಸುವುದು ಸುಲಭ. ಆದರೆ ಬೆಳೆಯುವ ಸಿರಿಯನ್ನು ಮೊಳಕೆಯಲ್ಲಿ ನೋಡು ಎಂದವರೂ ನಮ್ಮ ಹಿರಿಯರೇ. ಮರಿಯಾ ಶರಪೋವಾ 2004ರಲ್ಲಿ ವಿಂಬಲ್ಡನ್ ಗೆದ್ದಾಗ ಆಕೆಗೆ ಹದಿನೇಳು. ರಫೆಲ್ ನಡಾಲ್ ಮೊದಲ ಬಾರಿ ಫ್ರೆಂಚ್ ಓಪನ್ ಗೆದ್ದಾಗ ಹತ್ತೊಂಬತ್ತು. 2019ರಲ್ಲಿ ವಿಂಬಲ್ಡನ್ ಅಂಕಣದಲ್ಲಿ ವೀನಸ್ ವಿಲಿಯಮ್ಸ್‌ರನ್ನು ಸೋಲಿಸಿದ ಹದಿನೈದರ ಬಾಲೆ ಕೊಕೊ ಗಾಫ್, 2023ರಲ್ಲಿ ಅಮೆರಿಕ ಓಪನ್ ಅನ್ನೂ 2025ರಲ್ಲಿ ಫ್ರೆಂಚ್ ಓಪನ್ ಅನ್ನೂ ಗೆದ್ದುಕೊಂಡಳು. ಇವರ ವಿಷಯದಲ್ಲಿ ಹೊಗಳಿದವರು ಸುಳ್ಳಾಗಲಿಲ್ಲ. ಎಳೆಯ ಗೆಲುವು ಕೆಲವೊಮ್ಮೆ ನಿಜವನ್ನೇ ನುಡಿಯುತ್ತದೆ. ಯಾವಾಗ ನುಡಿಯುತ್ತದೆ, ಯಾವಾಗ ಇಲ್ಲ ಎಂಬುದೇ ತೊಡಕು.

ನಾನು ಬಸವೇಶ್ವರನಗರದ ನಿವಾಸಿ. ನಗರದ ಈ ಪಶ್ಚಿಮ ಭಾಗದಲ್ಲಿ ಟೆನಿಸ್ ಚೆಂಡು ಗೊತ್ತಿಲ್ಲದ ಮಗುವಿಲ್ಲ, ಆದರೆ ಅದು ಬಳಕೆಯಾಗುವುದು ಓಣಿಯ ಕ್ರಿಕೆಟ್‌ಗೆ! ರಾಜಾಜಿನಗರ, ವಿಜಯನಗರದ ಬಡಾವಣೆಗಳಲ್ಲಿ ಟೆನಿಸ್ ಕಲಿಯುವ ಮಕ್ಕಳ ಸಂಖ್ಯೆ ಕಡಿಮೆ. ಕಲಿಯುವವರಿಗೆ ದೊಡ್ಡ ಟೂರ್ನಿಯೆಂದರೆ ಕಬ್ಬನ್ ಪಾರ್ಕ್‌ನ ರಾಜ್ಯ ಲಾನ್ ಟೆನಿಸ್ ಸಂಸ್ಥೆಯ ಕ್ರೀಡಾಂಗಣವೇ ಗತಿ. ಈಗ ವಿಜಯನಗರದಲ್ಲಿ ನೇರಳೆ ಮಾರ್ಗದ ಮೆಟ್ರೊ ಹತ್ತಿದರೆ ನೇರ ಕಬ್ಬನ್ ಪಾರ್ಕ್‌ನಲ್ಲಿ ಇಳಿಯಬಹುದು. 2021ರಿಂದ ಕೆಂಗೇರಿಯವರಿಗೂ ಆ ಅನುಕೂಲವಿದೆ. ಬೆಳಗಿನ ಗಾಡಿಯಲ್ಲಿ ರಾಕೆಟ್ ಚೀಲ ಬೆನ್ನಿಗೇರಿಸಿದ ಒಬ್ಬಿಬ್ಬರು ಮಕ್ಕಳು, ಪಕ್ಕದಲ್ಲಿ ತಿಂಡಿಯ ಡಬ್ಬಿ ಹಿಡಿದ ತಾಯಿ ಅಥವಾ ತಂದೆ ಕಾಣಸಿಗುತ್ತಾರೆ. ನಿವೃತ್ತ ಉಪನ್ಯಾಸಕನಾದ ನನಗೆ ಟೂರ್ನಿಗಳ ದಿನ ಅಲ್ಲಿ ಹೋಗಿ ಕೂರುವುದೊಂದು ಚಟ.

ಹದಿನಾಲ್ಕರ ಒಳಗಿನವರ ಪಂದ್ಯಗಳನ್ನು ಹತ್ತಾರು ಬಾರಿ ಕುಳಿತು ನೋಡಿದವರಿಗೆ ಒಂದು ಸಂಗತಿ ಹೊಳೆಯದಿರದು. ಅಲ್ಲಿ ಗೆಲ್ಲುವುದು ಎರಡು ಬಗೆಯ ಮಕ್ಕಳು. ಮೊದಲನೆಯದು, ಸಮವಯಸ್ಕರಿಗಿಂತ ಒಂದೆರಡು ವರ್ಷ ಮೊದಲೇ ಮೈ ಬೆಳೆದವರು. ಎದುರಾಳಿಯ ಭುಜಕ್ಕೆ ಇನ್ನೂ ಬಲ ಬಂದಿಲ್ಲದಿರುವಾಗ ಇವರ ಸರ್ವ್‌ಗೆ ಉತ್ತರವೇ ಇರುವುದಿಲ್ಲ. ಎರಡನೆಯದು, ತಪ್ಪು ಮಾಡದವರು. ಚೆಂಡನ್ನು ಬಲೆಯ ಮೇಲೆ ಆಳೆತ್ತರಕ್ಕೆ ಎತ್ತಿ, ಹಿಂದಿನ ಗೆರೆಯ ಹತ್ತಿರ ಬೀಳಿಸಿ, ಎದುರಿನ ಮಗು ತಾಳ್ಮೆ ಕಳೆದುಕೊಳ್ಳುವವರೆಗೆ ಕಾಯುವವರು. ಎರಡೂ ನ್ಯಾಯವಾದ ಗೆಲುವುಗಳೇ. ಆದರೆ ಹದಿನೆಂಟರ ಹೊತ್ತಿಗೆ ಉಳಿದವರ ಮೈಯೂ ಬೆಳೆದಿರುತ್ತದೆ. ಎತ್ತಿ ಹಾಕಿದ ಚೆಂಡನ್ನು ಮೇಲೇರುತ್ತಿರುವಾಗಲೇ ಹೊಡೆದು ಮುಗಿಸುವ ಕಲೆಯೂ ಸಿದ್ಧಿಸಿರುತ್ತದೆ. ಮೊದಲು ಗೆಲ್ಲಿಸಿದ ಅಸ್ತ್ರ ಅಷ್ಟರಲ್ಲಿ ಮೊಂಡಾಗಿರುತ್ತದೆ.

ಹೊಗಳಿಕೆಯ ನಿಜವಾದ ಕೇಡು ಇರುವುದು ಇಲ್ಲಿ. ಪೀಟ್ ಸಾಂಪ್ರಸ್ ಬಾಲ್ಯದಲ್ಲಿ ಬ್ಯಾಕ್‌ಹ್ಯಾಂಡ್ ಹೊಡೆತಕ್ಕೆ ಎರಡೂ ಕೈ ಬಳಸುತ್ತಿದ್ದರು. ಹದಿನಾಲ್ಕರ ಸುಮಾರಿಗೆ ತರಬೇತುದಾರ ಪೀಟ್ ಫಿಷರ್ ಅವರ ಸಲಹೆಯಂತೆ ಒಂದೇ ಕೈಗೆ ಬದಲಾಯಿಸಿಕೊಂಡರು. ಮೊದಲು ಸೋಲಿಸುತ್ತಿದ್ದ ಓರಗೆಯವರ ಎದುರು ಸೋಲತೊಡಗಿದರು. 1990ರಲ್ಲಿ, ಹತ್ತೊಂಬತ್ತರ ವಯಸ್ಸಿನಲ್ಲಿ, ಅಮೆರಿಕ ಓಪನ್ ಗೆದ್ದರು. ಈಗ ಯೋಚಿಸಿ. ಹದಿಮೂರಕ್ಕೇ ‘ರಾಜ್ಯದ ಭರವಸೆ’ ಎಂದು ಅಚ್ಚಾಗಿರುವ ಮಗುವಿನ ತಂದೆಗೆ, ‘ಹಿಡಿತ ಬದಲಾಯಿಸೋಣ, ಒಂದು ವರ್ಷ ಸೋಲಲಿ ಬಿಡಿ’ ಎಂದು ಯಾವ ತರಬೇತುದಾರ ಹೇಳಬಲ್ಲ? ಹೇಳಿದರೆ ಆ ಮಗು ಮರುವಾರವೇ ಬೇರೆ ಅಕಾಡೆಮಿಯಲ್ಲಿರುತ್ತದೆ. ರ‍್ಯಾಂಕಿಂಗ್ ಇಳಿದರೆ ಹೆಸರು ಇಳಿಯುತ್ತದೆ, ಹೆಸರು ಇಳಿದರೆ ಪ್ರಾಯೋಜಕ ಹೋಗುತ್ತಾನೆ. ಹಾಗಾಗಿ ಕಲಿಯಬೇಕಾದ ವಯಸ್ಸಿನಲ್ಲಿ ಮಗು ಗೆಲುವನ್ನು ಕಾಯ್ದುಕೊಳ್ಳುತ್ತಾ ಕೂರುತ್ತದೆ.

ನಮ್ಮ ರಸ್ತೆಯ ತುದಿಯ ಮನೆಯ ಹುಡುಗಿಯ ಕಥೆಯೂ ಹೀಗೆಯೇ. ತಂದೆ ಕೈಗಾರಿಕಾ ಬಡಾವಣೆಯ ಸಣ್ಣ ವರ್ಕ್‌ಶಾಪ್ ಒಂದರಲ್ಲಿ ಮೇಲ್ವಿಚಾರಕರು. ಮಗಳು ಹದಿಮೂರರಲ್ಲಿ ವಯೋಮಿತಿಯ ಟೂರ್ನಿಯೊಂದನ್ನು ಗೆದ್ದಳು. ವಾರದೊಳಗೆ ಹಾವನೂರು ವೃತ್ತದ ಬಳಿ ಬ್ಯಾನರ್ ಎದ್ದಿತು. ಅದರಲ್ಲಿ ಆಕೆಯ ಚಿತ್ರಕ್ಕಿಂತ ಅಭಿನಂದಿಸಿದವರ ಚಿತ್ರಗಳೇ ದೊಡ್ಡದಾಗಿದ್ದವು ಎಂಬುದು ಬೇರೆ ಮಾತು. ಶಾಲೆಯಲ್ಲಿ ಸನ್ಮಾನ, ಬಡಾವಣೆಯ ರಾಜ್ಯೋತ್ಸವದಲ್ಲಿ ಶಾಲು, ಹಣ್ಣಿನ ಬುಟ್ಟಿ, ‘ನಾಳಿನ ಸಾನಿಯಾ’ ಎಂಬ ಬಿರುದು. ತಂದೆ ಊರಿನಲ್ಲಿದ್ದ ಪಾಲಿನ ಜಮೀನು ಮಾರಿ ತರಬೇತಿಗೆ ಸುರಿದರು. ಹದಿನೈದರಲ್ಲಿ ಹುಡುಗಿಗೆ ಭುಜದ ನೋವು ಕಾಣಿಸಿಕೊಂಡಿತು. ವೈದ್ಯರು ನಾಲ್ಕು ತಿಂಗಳ ವಿಶ್ರಾಂತಿ ಹೇಳಿದರು. ಅಂಕಗಳು ಕೈತಪ್ಪುತ್ತವೆಂಬ ಭಯಕ್ಕೆ ಆರು ವಾರದಲ್ಲೇ ಮತ್ತೆ ಅಂಕಣಕ್ಕಿಳಿದಳು. ಶಾಲು ಹೊದಿಸಿದ ಅದೇ ಶಾಲೆ, ಹಾಜರಾತಿ ಸಾಲದೆಂದು ನೋಟಿಸು ಕೊಟ್ಟಿತು. ಮುಕ್ತ ಶಾಲಾ ಪದ್ಧತಿಯಲ್ಲಿ ಪರೀಕ್ಷೆ ಬರೆಸಬಹುದೇ ಎಂದು ಕೇಳಲು ತಂದೆ ಒಂದು ಸಂಜೆ ನಮ್ಮ ಮನೆಗೆ ಬಂದಿದ್ದರು. ಕೈಯಲ್ಲೊಂದು ಕಡತ. ಅಂಕಪಟ್ಟಿ ಇರಬಹುದೆಂದು ತೆರೆದರೆ ಒಳಗಿದ್ದುದು ಪತ್ರಿಕೆಯ ತುಣುಕುಗಳು, ಒಂದೊಂದಕ್ಕೂ ಪ್ಲಾಸ್ಟಿಕ್ ಹೊದಿಕೆ. ಕೊನೆಯ ತುಣುಕಿನ ದಿನಾಂಕ ಎರಡು ವರ್ಷ ಹಳೆಯದು.

ಆ ಕಡತವನ್ನು ಕಂಡು ನಗುವ ಹಕ್ಕು ನಮಗಿಲ್ಲ. ಪ್ರಾಯೋಜಕರ ಬಳಿ ಹೋದರೆ ಅವರು ಮೊದಲು ಕೇಳುವುದೇ ಅದನ್ನು. ಮಧ್ಯಮ ವರ್ಗದ ಮನೆಗೆ ಹೊಗಳಿಕೆಯೆಂಬುದು ಅಹಂಕಾರದ ಸರಕಲ್ಲ, ಅದೊಂದು ಅಡಮಾನ ಪತ್ರ. ಇಷ್ಟಕ್ಕೂ ಈ ಆಟದ ಲೆಕ್ಕಾಚಾರ ಗೊತ್ತಿರಲಿ. ವೃತ್ತಿಪರ ಟೆನಿಸ್‌ನ ಕೆಳಗಿನ ಮೆಟ್ಟಿಲೆಂದರೆ ಒಟ್ಟು 15 ಸಾವಿರ ಡಾಲರ್ ಬಹುಮಾನದ ಅಂತರರಾಷ್ಟ್ರೀಯ ಟೂರ್ನಿಗಳು. ವಾರವಿಡೀ ಆಡಿ ಸಿಂಗಲ್ಸ್ ಗೆದ್ದವರಿಗೆ ಎರಡು ಸಾವಿರ ಡಾಲರಿಗಿಂತ ತುಸು ಹೆಚ್ಚು. ಮೊದಲ ಸುತ್ತಿನಲ್ಲಿ ಸೋತವರಿಗೆ ಸಿಗುವುದು ಹೋಟೆಲು ಖರ್ಚಿಗೂ ಸಾಲದು. ಗ್ರ್ಯಾಂಡ್ ಸ್ಲಾಮ್‌ನ 128 ಮಂದಿಯ ಸಿಂಗಲ್ಸ್‌ಗೆ ರ‍್ಯಾಂಕಿಂಗ್ ಬಲದಿಂದ ನೇರ ಪ್ರವೇಶ ಸಿಗುವುದು ನೂರ ನಾಲ್ಕು ಮಂದಿಗೆ. ಅಲ್ಲಿಗೆ ಮುಟ್ಟುವವರೆಗೆ ಆಟಗಾರ ತನ್ನ ಕೈಯಿಂದಲೇ ಖರ್ಚು ಮಾಡಿಕೊಂಡು ದುಡಿಯುವ ಕೂಲಿಯಾಳು.

ಸುಮಿತ್ ನಾಗಲ್ ಅವರ ಉದಾಹರಣೆಯನ್ನೇ ನೋಡಿ. ಹತ್ತರ ವಯಸ್ಸಿನಲ್ಲಿ ಮಹೇಶ್ ಭೂಪತಿಯವರ ಪ್ರತಿಭಾ ಶೋಧದಲ್ಲಿ ಆಯ್ಕೆಯಾದ ಹುಡುಗ ಈತ. ಆ ಯೋಜನೆಯ ಹೆಸರೇ ‘ಮಿಷನ್ 2018’. ಆ ವರ್ಷದೊಳಗೆ ಭಾರತಕ್ಕೊಬ್ಬ ಗ್ರ್ಯಾಂಡ್ ಸ್ಲಾಮ್ ಸಿಂಗಲ್ಸ್ ಚಾಂಪಿಯನ್‌ನನ್ನು ಕೊಡುವುದು ಅದರ ಗುರಿ. ಕೂಸು ಹುಟ್ಟುವ ಮುನ್ನವೇ ಹೊಲಿದ ಕುಲಾವಿ! ಗುರಿಯ ವರ್ಷ ಬರುವ ಬಹಳ ಮೊದಲೇ ಯೋಜನೆ ನಿಂತಿತು. ನಾಗಲ್ 2015ರಲ್ಲಿ ವಿಂಬಲ್ಡನ್ ಬಾಲಕರ ಡಬಲ್ಸ್ ಗೆದ್ದರು, ಸುದ್ದಿಯಾದರು. 2017ರಲ್ಲಿ ನಮ್ಮ ಕಬ್ಬನ್ ಪಾರ್ಕ್ ಅಂಕಣದಲ್ಲೇ ಬೆಂಗಳೂರು ಓಪನ್ ಚಾಲೆಂಜರ್ ಗೆದ್ದರು. 2019ರಲ್ಲಿ ಅಮೆರಿಕ ಓಪನ್‌ನಲ್ಲಿ ರೋಜರ್ ಫೆಡರರ್ ಅವರಿಂದ ಒಂದು ಸೆಟ್ ಕಸಿದುಕೊಂಡಾಗ ಮತ್ತೆ ಹೊಗಳಿಕೆಯ ಮಳೆ. 2023ರಲ್ಲಿ ತಮ್ಮ ಬ್ಯಾಂಕ್ ಖಾತೆಯಲ್ಲಿ ಉಳಿದಿರುವುದು 900 ಯೂರೊ ಎಂದು ಅವರೇ ಹೇಳಿಕೊಂಡರು. ಮಳೆ ನಿಂತು ಎಷ್ಟೋ ಕಾಲವಾಗಿತ್ತು. ಮರುವರ್ಷ ಆಸ್ಟ್ರೇಲಿಯಾ ಓಪನ್‌ನಲ್ಲಿ ಶ್ರೇಯಾಂಕಿತ ಆಟಗಾರ ಅಲೆಕ್ಸಾಂಡರ್ ಬುಬ್ಲಿಕ್ ಅವರನ್ನು ಸೋಲಿಸಿ, 68ನೇ ಸ್ಥಾನಕ್ಕೇರಿ, 2025ರಲ್ಲಿ ಮತ್ತೆ ಇನ್ನೂರರ ಆಚೆಗೆ ಜಾರಿದರು.

ಆದ್ದರಿಂದ ಹೊಗಳಿಕೆ ಹೆಚ್ಚಾಯಿತು ಎಂಬುದಕ್ಕಿಂತ, ಅದು ಬರಬಾರದ ಹೊತ್ತಿನಲ್ಲಿ ಬಂದು, ಬೇಕಾದ ಹೊತ್ತಿನಲ್ಲಿ ಮಾಯವಾಗುತ್ತದೆ ಎಂಬುದು ನನ್ನ ದೂರು. ಹದಿಮೂರಕ್ಕೆ ಬ್ಯಾನರ್, ಇಪ್ಪತ್ತೆರಡಕ್ಕೆ ಮೌನ.

ಸಾನಿಯಾ ಮಿರ್ಜಾ ಅವರ ಪಾಡು ಇನ್ನೊಂದು ಬಗೆಯದು. 2005ರಲ್ಲಿ, ಹದಿನೆಂಟರಲ್ಲಿ, ಹೈದರಾಬಾದ್‌ನಲ್ಲಿ ಡಬ್ಲ್ಯುಟಿಎ ಪ್ರಶಸ್ತಿ ಗೆದ್ದು ಅದೇ ವರ್ಷ ಅಮೆರಿಕ ಓಪನ್‌ನ ನಾಲ್ಕನೇ ಸುತ್ತು ತಲುಪಿದರು. ಅವರನ್ನು ಆಕಾಶಕ್ಕೆ ಎತ್ತಿದ ದೇಶವೇ ಅವರ ಸ್ಕರ್ಟಿನ ಉದ್ದವನ್ನೂ ಅಳೆಯಿತು. 2008ರಲ್ಲಿ ಸೆರೆನಾ ವಿಲಿಯಮ್ಸ್ ಬೆಂಗಳೂರಿಗೆ ಬಂದು ಪ್ರಶಸ್ತಿ ಗೆದ್ದ ಟೂರ್ನಿಯಲ್ಲಿ ಸಾನಿಯಾ ಆಡಲೇ ಇಲ್ಲ. ತಾಯ್ನಾಡಿನಲ್ಲಿ ಆಡಿದಾಗಲೆಲ್ಲ ವಿವಾದವೇ ಎದುರಾಗುತ್ತದೆ ಎಂಬ ಬೇಸರದಿಂದ ದೂರ ಉಳಿದರು. ಆ ವಾರ ಗ್ಯಾಲರಿಯಲ್ಲಿ ಕೂತಿದ್ದ ನಮ್ಮಂಥವರಿಗೆ ಸೆರೆನಾ ಆಟದ ಸೊಗಸಿನ ನಡುವೆಯೂ ಅದೊಂದು ಕೊರತೆಯೇ ಆಗಿತ್ತು. ಸಿಂಗಲ್ಸ್‌ನಲ್ಲಿ 27ನೇ ಸ್ಥಾನದವರೆಗೆ ಹೋಗಿ, ಮಣಿಕಟ್ಟಿನ ಗಾಯದ ಬಳಿಕ ಡಬಲ್ಸ್‌ನತ್ತ ಹೊರಳಿ, ಆರು ಗ್ರ್ಯಾಂಡ್ ಸ್ಲಾಮ್ ಗೆದ್ದು, 2015ರಲ್ಲಿ ಜಗತ್ತಿನ ಅಗ್ರಸ್ಥಾನಕ್ಕೇರಿದ್ದು ಆಕೆಯ ಗಟ್ಟಿತನ. ಎಲ್ಲರೂ ಅಷ್ಟು ಗಟ್ಟಿಗರಾಗಿರಬೇಕೆಂದು ಬಯಸುವುದು ಅನ್ಯಾಯ. ಅಮೆರಿಕದ ಜೆನಿಫರ್ ಕ್ಯಾಪ್ರಿಯಾಟಿ ಹದಿಮೂರಕ್ಕೇ ವೃತ್ತಿಪರಳಾಗಿ, 1992ರ ಒಲಿಂಪಿಕ್ ಚಿನ್ನ ಗೆದ್ದು, ಹದಿನೆಂಟರ ಹೊತ್ತಿಗೆ ಆಟವನ್ನೇ ತೊರೆದು ದಿಕ್ಕೆಟ್ಟು ಅಲೆದದ್ದನ್ನು ಜಗತ್ತು ಕಂಡಿತು. ಹದಿನೆಂಟರೊಳಗಿನ ಹೆಣ್ಣುಮಕ್ಕಳು ವರ್ಷಕ್ಕೆ ಎಷ್ಟು ವೃತ್ತಿಪರ ಟೂರ್ನಿ ಆಡಬಹುದೆಂಬುದಕ್ಕೆ ಮಹಿಳಾ ಟೆನಿಸ್ ಸಂಸ್ಥೆ ಮಿತಿ ಹಾಕಿದ್ದು ಆ ಕಾಲದಲ್ಲೇ. ಕ್ಯಾಪ್ರಿಯಾಟಿ 2001ರಲ್ಲಿ ಮರಳಿ ಬಂದು ಆಸ್ಟ್ರೇಲಿಯಾ ಓಪನ್ ಗೆದ್ದರು ಎಂಬುದು ಸಮಾಧಾನ. ಆಡುವ ದಿನಗಳಿಗೆ ಮಿತಿ ಬಂತು, ಹೊಗಳುವ ದಿನಗಳಿಗೆ ಮಿತಿ ಹಾಕುವವರಿಲ್ಲ.

ನಮ್ಮ ರಾಜ್ಯದ ಶ್ರೇಷ್ಠ ಟೆನಿಸ್ ಬದುಕು ಈ ಯಾವ ಚೌಕಟ್ಟಿಗೂ ಒಗ್ಗುವುದಿಲ್ಲ. ಕೊಡಗಿನ ಕಾಫಿ ತೋಟಗಳ ನಡುವೆ ಬೆಳೆದ ರೋಹನ್ ಬೋಪಣ್ಣ ಕಿರಿಯರ ವಿಭಾಗದಲ್ಲಿ ಯಾವ ಗ್ರ್ಯಾಂಡ್ ಸ್ಲಾಮ್ ಅನ್ನೂ ಗೆಲ್ಲಲಿಲ್ಲ. ಹದಿಹರೆಯದಲ್ಲಿ ಮನೆಬಿಟ್ಟು ಪುಣೆಗೆ ಹೋಗಿ ಕಲಿತರು. ಗ್ರ್ಯಾಂಡ್ ಸ್ಲಾಮ್ ಫೈನಲ್ ಕಂಡದ್ದು 2010ರಲ್ಲಿ, ಮೂವತ್ತರಲ್ಲಿ. ಮಿಶ್ರ ಡಬಲ್ಸ್‌ನಲ್ಲಿ ಫ್ರೆಂಚ್ ಓಪನ್ ಗೆದ್ದದ್ದು 2017ರಲ್ಲಿ. ಸವೆದ ಮೊಣಕಾಲುಗಳನ್ನು ಅಯ್ಯಂಗಾರ್ ಯೋಗದಿಂದ ಸಂಭಾಳಿಸಿಕೊಂಡು, 2024ರ ಜನವರಿಯಲ್ಲಿ, ನಲವತ್ಮೂರರ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡನ್ ಜೊತೆ ಆಸ್ಟ್ರೇಲಿಯಾ ಓಪನ್ ಡಬಲ್ಸ್ ಗೆದ್ದು ಜಗತ್ತಿನ ಅಗ್ರಸ್ಥಾನ ಪಡೆದರು. ಅಷ್ಟು ವಯಸ್ಸಾದವರು ಮೊದಲ ಬಾರಿಗೆ ಆ ಸ್ಥಾನಕ್ಕೇರಿದ್ದು ಹಿಂದೆಂದೂ ಇರಲಿಲ್ಲ. 2025ರಲ್ಲಿ ನಿವೃತ್ತರಾದರು. ಹದಿನಾಲ್ಕರಲ್ಲಿ ಅವರನ್ನು ಯಾರೂ ‘ನಾಳಿನ’ ಯಾರೋ ಎಂದು ಕರೆಯದಿದ್ದುದು ಅವರ ಪುಣ್ಯವೆನ್ನಬೇಕೇ?

ಸೋಮದೇವ್ ದೇವವರ್ಮನ್ ಅವರದು ಮಧ್ಯಮ ವರ್ಗದ ತಂದೆತಾಯಿಗಳು ಇನ್ನೂ ಹತ್ತಿರದಿಂದ ನೋಡಬೇಕಾದ ದಾರಿ. ಅವರು ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯ ಸೇರಿ, 2007 ಮತ್ತು 2008ರಲ್ಲಿ ಸತತ ಎರಡು ಬಾರಿ ಅಲ್ಲಿನ ಅಂತರಕಾಲೇಜು ಸಿಂಗಲ್ಸ್ ಗೆದ್ದು, ಪದವಿ ಮುಗಿಸಿಯೇ ವೃತ್ತಿಗಿಳಿದರು. 2011ರಲ್ಲಿ 62ನೇ ಸ್ಥಾನ ತಲುಪಿದರು. ಕಿರಿಯರ ಚಾಂಪಿಯನ್ ಯೂಕಿಗಿಂತ ಮೇಲಿನ ಸ್ಥಾನವದು. ಓದು ಅಥವಾ ಆಟ ಎಂದು ಹದಿನೈದಕ್ಕೇ ಕತ್ತಿ ಹಿಡಿದು ನಿಲ್ಲುವ ನಮ್ಮ ಶಾಲಾ ಕಾಲೇಜುಗಳು ಈ ದಾರಿಯನ್ನು ಅರ್ಧದಷ್ಟಾದರೂ ತೆರೆದರೆ ಎಷ್ಟೋ ಮನೆಗಳ ಜಮೀನು ಉಳಿಯುತ್ತದೆ. ಆಡುವ ಮಕ್ಕಳಿಗೆ ಹಾಜರಾತಿಯ ವಿನಾಯಿತಿ, ಟೂರ್ನಿಯ ದಿನ ಬಿದ್ದ ಪರೀಕ್ಷೆಗೆ ಮರು ಅವಕಾಶ, ಇವೇನು ಬೊಕ್ಕಸ ಬರಿದು ಮಾಡುವ ಬೇಡಿಕೆಗಳಲ್ಲ. ಸನ್ಮಾನದ ಶಾಲಿಗಿಂತ ಅಗ್ಗ.

ಪತ್ರಿಕೆಗಳ ಪಾಲೂ ಇದೆ. ಹದಿಮೂರರ ಮಗು ಗೆದ್ದರೆ ಫಲಿತಾಂಶವನ್ನು ಫಲಿತಾಂಶವಾಗಿಯೇ ಬರೆಯಲಿ, ಜಾತಕವಾಗಿ ಬೇಡ. ಅಲ್ಲಿ ಉಳಿದ ಜಾಗವನ್ನು ಇಪ್ಪತ್ತು, ಇಪ್ಪತ್ಮೂರರವರಿಗೆ ಕೊಡಲಿ. ಯಾವ ಊರಿನಲ್ಲಿ ಯಾರು ಯಾವ ಸುತ್ತಿನಲ್ಲಿ ಸೋತರು ಎಂಬ ಒಂದು ಸಾಲಾದರೂ ಸಾಕು.

ತುದಿಮನೆಯ ಹುಡುಗಿಗೆ ಈಗ ಹದಿನೇಳು. ಮುಕ್ತ ಶಾಲಾ ಪರೀಕ್ಷೆಗೆ ಹೆಸರು ನೋಂದಾಯಿಸಿದ್ದಾಳೆ. ಬೆಳಿಗ್ಗೆ ಅಭ್ಯಾಸ, ಸಂಜೆ ನನ್ನ ಬಳಿ ಅರ್ಥಶಾಸ್ತ್ರದ ಪಾಠ. ಭುಜಕ್ಕೆ ಭಾರವಾಗದಂತೆ ಸರ್ವ್ ಮಾಡುವ ಕ್ರಮವನ್ನು ಹೊಸ ತರಬೇತುದಾರರು ಬದಲಾಯಿಸಿದ್ದಾರಂತೆ. ಕಳೆದ ನಾಲ್ಕು ಟೂರ್ನಿಗಳಲ್ಲೂ ಎರಡನೇ ಸುತ್ತು ದಾಟಿಲ್ಲ. ಮುಂದಿನ ತಿಂಗಳು ಮಹಿಳೆಯರ ವೃತ್ತಿಪರ ಟೂರ್ನಿಯೊಂದರ ಅರ್ಹತಾ ಸುತ್ತಿಗೆ ಹೆಸರು ಕಳಿಸಿದ್ದಾಳೆ. ಅರ್ಹತಾ ಸುತ್ತಿನ ಪಂದ್ಯಗಳು ಬೆಳಿಗ್ಗೆಯೇ ಆರಂಭವಾಗುತ್ತವೆ, ಗ್ಯಾಲರಿಯಲ್ಲಿ ಬೇಕಾದಷ್ಟು ಜಾಗವಿರುತ್ತದೆ.