‘ಬಿಡ್ತು ಅನ್ನು’ ಎಂದರೆ ಭಯ ಬಿಡುತ್ತದೆಯೇ?

ತಪ್ಪು ಕಲ್ಪನೆ: ಕೆಟ್ಟ ಯೋಚನೆ ಬಾಯಿಗೆ ಬರಬಾರದು

ನಾಳೆ ಗಣಿತದ ಟೆಸ್ಟು. ಐದನೇ ಕ್ಲಾಸಿನ ಹುಡುಗಿ ‘ನಾನು ಫೇಲಾಗ್ತೀನಿ’ ಅಂದಳೋ ಇಲ್ಲವೋ, ಅಜ್ಜಿ ‘ಬಿಡ್ತು ಅನ್ನು! ಅಶ್ವಿನೀ ದೇವತೆಗಳು ಅಸ್ತು ಅಂದುಬಿಟ್ಟಾರು’ ಎನ್ನುತ್ತಾರೆ. ಅಮ್ಮ ಅದನ್ನೇ ಈ ಕಾಲದ ಮಾತಿನಲ್ಲಿ ಹೇಳುತ್ತಾಳೆ: ‘ಪಾಸಿಟಿವ್ ಆಗಿ ಯೋಚನೆ ಮಾಡು ಪುಟ್ಟಿ.’ ಇಬ್ಬರದೂ ಅಕ್ಕರೆಯೇ. ಆದರೆ ಇಂಥದ್ದನ್ನು ಇವರ ಮುಂದೆ ಹೇಳಬಾರದು ಎಂದು ಮಗು ಕಲಿತುಬಿಡುತ್ತದೆ.

ಹೇಳದೆ ನುಂಗಿದ ಯೋಚನೆ ಎಲ್ಲಿಗೂ ಹೋಗುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ 1987ರಲ್ಲಿ ಪ್ರಕಟಿಸಿದ ಪ್ರಯೋಗ ಪ್ರಸಿದ್ಧ. ಐದು ನಿಮಿಷ ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಎಂದು ವಿದ್ಯಾರ್ಥಿಗಳಿಗೆ ಹೇಳಿದರು. ಗಂಟೆ ಮತ್ತೆ ಮತ್ತೆ ಮೊಳಗಿತು. ಆಮೇಲೆ ‘ಈಗ ನೆನೆಯಬಹುದು’ ಎಂದಾಗ, ಮೊದಲೇ ನೆನೆಯಲು ಬಿಟ್ಟಿದ್ದವರಿಗಿಂತ ಇವರಿಗೇ ಕರಡಿ ಹೆಚ್ಚು ಸಲ ಕಾಣಿಸಿಕೊಂಡಿತು. ಮದ್ದು ಕುಡಿಯುವಾಗ ಮಂಗನ ನೆನೆಯಬೇಡ ಎಂಬ ಕಥೆ ಕೇಳಿ ಬೆಳೆದ ನಮಗೆ ಇದು ಹೊಸತೇನಲ್ಲ.

ತಪ್ಪು ಕಲ್ಪನೆ: ನೆಗೆಟಿವ್ ತೆಗೆದು ಪಾಸಿಟಿವ್ ತುಂಬಿದರಾಯಿತು

ಹೆಚ್ಚಿನವರು ಎಡವುವುದು ಇಲ್ಲೇ. ‘ನೀನೇ ಫಸ್ಟ್ ಬರ್ತೀಯ’ ಎಂಬ ಮಾತನ್ನು ಹೆದರಿದ ಮಗು ನಂಬುವುದಿಲ್ಲ. ಈಗ ಫಸ್ಟ್ ಬರದಿದ್ದರೆ ಎಂಬ ಇನ್ನೊಂದು ಚಿಂತೆಯೂ ಸೇರಿಕೊಳ್ಳುತ್ತದೆ. ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ಆತಂಕದ ಮಕ್ಕಳಿಗೆ ಚಿಕಿತ್ಸೆ ರೂಪಿಸಿದ ಫಿಲಿಪ್ ಕೆಂಡಾಲ್, ಸಕಾರಾತ್ಮಕ ಯೋಚನೆ ಹೆಚ್ಚಿಸುವುದಕ್ಕಿಂತ ನಕಾರಾತ್ಮಕ ಯೋಚನೆಯ ಹಿಡಿತ ಸಡಿಲಿಸುವುದೇ ಮುಖ್ಯ ಎನ್ನುತ್ತಾರೆ. ಅಂದರೆ ಮಗುವಿಗೆ ಬೇಕಾದದ್ದು ಸಿಹಿ ಮಾತಲ್ಲ, ನಂಬಬಹುದಾದ ಮಾತು. ಅಮ್ಮ ಹೀಗೆ ಕೇಳಬಹುದು:

‘ಏನಾಗುತ್ತೆ ಅನಿಸ್ತಿದೆ?’
‘ಎಲ್ಲಾ ಮರೆತುಹೋಗುತ್ತೆ.’
‘ಹೋದ ಸಲಾನೂ ಹೀಗೇ ಅಂದಿದ್ದೆ. ಆಮೇಲೆ ಏನಾಯ್ತು?’
‘ಭಾಗಾಕಾರ ಬರಲಿಲ್ಲ. ಉಳಿದದ್ದು ಮಾಡ್ದೆ.’
‘ನಾಳೆನೂ ಒಂದು ಲೆಕ್ಕ ಬರದಿದ್ರೆ?’
‘ಬಿಟ್ಟು ಮುಂದಿನದು ಮಾಡ್ತೀನಿ.’

ಆ ಕೊನೆಯ ಮಾತೇ ಬದಲಿ ಯೋಚನೆ. ಅದರಲ್ಲಿ ಜಯಘೋಷವಿಲ್ಲ. ಆದರೆ ಅದು ನಿಜ, ಮತ್ತು ಅವಳೇ ಹುಡುಕಿಕೊಂಡದ್ದು. ಉತ್ತರವನ್ನು ನಾವೇ ಬಾಯಿಗಿಡುವ ಚಪಲ ತಡೆದುಕೊಳ್ಳಬೇಕು, ಅದು ಕಷ್ಟವೇ. ಮಗು ಬಿಕ್ಕಿ ಬಿಕ್ಕಿ ಅಳುತ್ತಿರುವಾಗ ಈ ಪ್ರಶ್ನೋತ್ತರ ಬೇಡ. ಮೊದಲು ಉಸಿರು ಹದಕ್ಕೆ ಬರಲಿ. ಇನ್ನೂ ಚಿಕ್ಕವರಾದರೆ ಹೆದರಿದ್ದು ಗೊಂಬೆ ಎಂದಿಟ್ಟುಕೊಂಡು ಗೊಂಬೆಗೇ ಧೈರ್ಯ ಹೇಳಿಸಬಹುದು.

ಒಂದು ಎಚ್ಚರಿಕೆ. ಮೇಷ್ಟ್ರು ಹೊಡೆಯುತ್ತಾರೆ, ವ್ಯಾನಿನಲ್ಲಿ ದೊಡ್ಡ ಹುಡುಗರು ಕಾಡುತ್ತಾರೆ ಎಂದು ಮಗು ಹೇಳಿದರೆ ಅದನ್ನು ‘ನೆಗೆಟಿವ್ ಯೋಚನೆ’ಯ ಲೆಕ್ಕಕ್ಕೆ ಹಾಕಬೇಡಿ. ಶಾಲೆಗೆ ಹೋಗಿ ವಿಚಾರಿಸಿ.

ತಪ್ಪು ಕಲ್ಪನೆ: ಸೋಮವಾರದ ಹೊಟ್ಟೆನೋವು ನಾಟಕ

ನೋವು ನಿಜವೇ. ಭಯವಾದಾಗ ಅಡ್ರಿನಲಿನ್ ಸ್ರವಿಸಿ ಎದೆ ಹೊಡೆದುಕೊಳ್ಳುತ್ತದೆ, ಜೀರ್ಣಕ್ರಿಯೆ ಏರುಪೇರಾಗುತ್ತದೆ. ಆದರೆ ಜ್ವರ, ವಾಂತಿ, ತೂಕ ಇಳಿಕೆ ಇದ್ದರೆ ‘ಆತಂಕ ಅಷ್ಟೇ’ ಎಂದು ಸುಮ್ಮನಿರದೆ ಡಾಕ್ಟರಿಗೆ ತೋರಿಸಿ.

ತಪ್ಪು ಕಲ್ಪನೆ: ಭಯವಾದರೆ ಮನೆಯಲ್ಲೇ ಇಟ್ಟುಕೊಂಡರೆ ವಾಸಿ

ರಜೆ ಹಾಕಿಸಿದ ಕೂಡಲೇ ಮಗುವಿಗೆ ಹಗುರಾಗುತ್ತದೆ. ತಪ್ಪಿಸಿಕೊಂಡದ್ದರಿಂದಲೇ ಬದುಕಿದೆ ಎಂದು ಅದರ ಮನಸ್ಸು ನಂಬುತ್ತದೆ. ಮುಂದಿನ ಸೋಮವಾರ ಶಾಲೆಯ ಗೇಟು ಇನ್ನಷ್ಟು ದೂರ. ಯೇಲ್ ವಿಶ್ವವಿದ್ಯಾಲಯದ ಎಲಿ ಲೆಬೊವಿಟ್ಜ್ ಮಗುವನ್ನು ಬಿಟ್ಟು ತಂದೆತಾಯಿಗೆ ಮಾತ್ರ ತರಬೇತಿ ಕೊಡುವ ವಿಧಾನ ರೂಪಿಸಿದ್ದಾರೆ: ಮಗುವಿನ ಕಷ್ಟ ಒಪ್ಪಿಕೊಳ್ಳಿ, ಅದರ ಭಯಕ್ಕೆ ತಕ್ಕಂತೆ ಇಡೀ ಮನೆ ಕುಣಿಯುವುದನ್ನು ಮೆಲ್ಲಗೆ ನಿಲ್ಲಿಸಿ. 2020ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಇದು ಮಗುವಿಗೇ ನೇರವಾಗಿ ಕೊಡುವ ಚಿಕಿತ್ಸೆಗೆ ಸಮನಾದ ಫಲ ಕೊಟ್ಟಿತು. ಹಾಗಂತ ಎಳೆದೊಯ್ದು ಬಿಟ್ಟುಬರುವುದಲ್ಲ. ಮೊದಲು ಗೇಟಿನವರೆಗೆ, ಆಮೇಲೆ ಒಂದು ಪೀರಿಯಡ್ಡು, ಹೀಗೆ.

ತಪ್ಪು ಕಲ್ಪನೆ: ದೊಡ್ಡವಳಾದ ಮೇಲೆ ತಾನೇ ಹೋಗುತ್ತದೆ

ಕೆಲವರಿಗೆ ಹೋಗುತ್ತದೆ, ಎಲ್ಲರಿಗೂ ಅಲ್ಲ. ಅಮೆರಿಕದಲ್ಲಿ 7ರಿಂದ 17 ವರ್ಷದ 488 ಮಕ್ಕಳ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಯೋಚನೆ-ವರ್ತನೆ ತಿದ್ದುವ ಚಿಕಿತ್ಸೆಯೊಂದರಿಂದಲೇ ಸುಮಾರು ಶೇ 60 ಮಕ್ಕಳು ಚೆನ್ನಾಗಿ ಸುಧಾರಿಸಿದರು. ಔಷಧವಿಲ್ಲದ ಹುಸಿ ಗುಳಿಗೆ ನುಂಗಿದವರಲ್ಲಿ ಸುಮಾರು ಶೇ 24. ನಿದ್ದೆ, ಊಟ, ಶಾಲೆ ವಾರಗಟ್ಟಲೆ ಕೆಟ್ಟಿದ್ದರೆ ಕಾಯಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ. ದೂರದ ಊರಿನವರು ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು. ಉಚಿತ, ಹಗಲು ರಾತ್ರಿ ಲಭ್ಯ, ಕನ್ನಡದಲ್ಲೇ ಮಾತಾಡಬಹುದು.